ಹುಳ ಬಿಟ್ಟು ಬಾರದ ಅವ್ವ

ನಮ್ಮ ಅವ್ವ ಕೂತದ್ದನ್ನು ನಾನು ಮೂವತ್ತು ವರ್ಷದವನಾಗುವವರೆಗೆ ನೋಡಿರಲಿಲ್ಲ. ಉಣ್ಣುವುದೂ ನಿಂತೇ. ಕಂಬಕ್ಕೆ ಒರಗಿ, ಅಂಗೈ ಮೇಲೆ ತಟ್ಟೆ ಇಟ್ಟುಕೊಂಡು ಮುದ್ದೆ ನುಂಗುತ್ತಲೇ ಒಂದು ಕಣ್ಣು ಒಳಮನೆಯ ಹುಳದ ತಟ್ಟೆಗಳ ಕಡೆ. ಕೂತುಕೊಂಡು ಉಣ್ಣವ್ವ ಎಂದರೆ, "ಕುಂತ್ರೆ ಏಳ್ಬೇಕಲ್ಲ ಮಗ, ಅದೊಂದು ಕೆಲ್ಸ" ಎನ್ನುತ್ತಿದ್ದಳು.

ಈ ಗುಣ ನನಗೂ ಅಂಟಿದೆ. ಕುರ್ಚಿಯಲ್ಲಿ ಐದು ನಿಮಿಷ ಕೂತರೆ ಮೈಮೇಲೆ ಇರುವೆ ಹರಿದಾಡಿದ ಹಾಗಾಗುತ್ತದೆ. ಹನೂರಿನ ಹೈಸ್ಕೂಲಿನಲ್ಲಿ ನಾನು ಪಾಠ ಹೇಳುತ್ತಾ ಓಡಾಡುವುದನ್ನು ನೋಡಿ ನೋಡಿ ಮಕ್ಕಳಿಗೆ ಕತ್ತು ನೋಯುತ್ತದಂತೆ. ಹೆಂಡತಿ ನನ್ನನ್ನು ಬೈಯಬೇಕಾದಾಗಲೆಲ್ಲ "ಅವ್ವನ ಮಗ" ಎಂದಷ್ಟೇ ಹೇಳಿ ಮುಗಿಸುತ್ತಾಳೆ. ಇದನ್ನು ಬರೆಯುವಾಗಲೂ ಮೂರು ಸಲ ಎದ್ದು ಬೀದಿ ಬಾಗಿಲಿಗೆ ಹೋಗಿ ಬಂದಿದ್ದೇನೆ.

ಹೋದ ತಿಂಗಳು ಅವ್ವ ಹುಳ ಮೇಯಿಸುವುದನ್ನು ನಿಲ್ಲಿಸಿದಳು. ಮಾಂಬಳ್ಳಿ ಪಕ್ಕದ ನಮ್ಮೂರಿನಲ್ಲಿ ನಲವತ್ತು ವರ್ಷ ರೇಷ್ಮೆ ಹುಳ ಮೇಯಿಸಿದ ಕೈ ಈಗ ನಡುಗುತ್ತದೆ. ಹಿಪ್ಪುನೇರಳೆ ಸೊಪ್ಪು ಕತ್ತರಿಸಲು ಹೋಗಿ ಬೆರಳು ಕೊಯ್ದುಕೊಂಡ ಮೇಲೆ ನನ್ನ ತಂಗಿ ಹೋಗಿ ಗದರಿಸಿ ನಿಲ್ಲಿಸಿದಳು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನೆಲ್ಲ ಪಕ್ಕದ ಮನೆಯವರು ಹೊತ್ತುಕೊಂಡು ಹೋದರು. ಅವ್ವ ಈಗ ನಮ್ಮ ಜೊತೆ ಹನೂರಿನಲ್ಲಿದ್ದಾಳೆ. ಮೊನ್ನೆ ನನ್ನ ಹೆಂಡತಿ ಒಗ್ಗರಣೆ ಹಾಕಿದ್ದೇ ತಡ, ಅವ್ವ ದಡಬಡ ಎದ್ದು ಹೋಗಿ ನಡುಮನೆಯ ಬಾಗಿಲು ಮುಚ್ಚಿದಳು. ಒಳಗೆ ಹುಳ ಎಲ್ಲಿದೆ? ಇದ್ದದ್ದು ಟೀವಿ. ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ನಗುತ್ತಿದ್ದ ಹಾಗೇ ನನಗೊಂದು ಸಂಕಟ ಶುರುವಾಯಿತು. ಅದು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹುಳ ಸಾಕಿದ ಮನೆಯವರಿಗೆ ಆ ಬಾಗಿಲಿನ ಕತೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ರೇಷ್ಮೆ ಹುಳಕ್ಕೆ ವಾಸನೆ ಆಗದು ಎಂಬುದು ನಮ್ಮ ಕಡೆಯ ನಂಬಿಕೆ. ಹೂವು, ಅರಿಸಿನ, ಊದುಬತ್ತಿ, ಬೀಡಿ, ಒಗ್ಗರಣೆಯ ಘಾಟು, ಒಂದೂ ಆಗದು. ಹುಳ ಇದ್ದಷ್ಟು ದಿನವೂ ನಮ್ಮ ಮನೆ ನಮ್ಮದಲ್ಲ. ಅವು ಒಳಗೆ ಬೆಚ್ಚಗೆ, ನಾವು ಜಗಲಿಯ ಮೇಲೆ. ಅವ್ವ ಹೊಸ್ತಿಲಲ್ಲಿ ನಿಂತು ಬಂದವರನ್ನೆಲ್ಲ ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ಅಪ್ಪ ಬೀಡಿ ಸೇದಿ, ಮೇಲೆ ಬೇವಿನ ಎಲೆ ಅಗಿದುಕೊಂಡು ಬಂದರೆ, "ಏನು, ಬೇವಿನ್ಮರನೂ ಬೀಡಿ ಕಲ್ತದಾ?" ಎಂದು ಕೇಳಿ ಹೊರಗೇ ನಿಲ್ಲಿಸುತ್ತಿದ್ದಳು. ನಾನು ಕೊಳ್ಳೇಗಾಲದ ಕಾಲೇಜಿಗೆ ಸೇರಿದ ಹೊಸದರಲ್ಲಿ ಘಮಘಮ ಎನ್ನುವ ತಲೆಯೆಣ್ಣೆಯೊಂದನ್ನು ತಂದಿದ್ದೆ. "ಮದ್ವೆ ಗಂಡಿಗೆ ಇಲ್ಲಿ ಜಾಗಿಲ್ಲ" ಎಂದು ನನ್ನ ಚಾಪೆಯನ್ನು ಬೀದಿಗೆ ಎಸೆದಳು. ಎಸೆದ ಮೇಲೆ ತಾನೇ ಎತ್ತಿ, ಧೂಳು ಕೊಡವಿ, ಚಿಕ್ಕಪ್ಪನ ಮನೆಗೆ ಕೊಟ್ಟು ಬಂದಳು.

ಇನ್ನೊಂದು ಮಾತೂ ಗೊತ್ತಿರಬೇಕು. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಒಂದು ದಿನಕ್ಕೂ ಮಿಕ್ಕಿ ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ, ಎಲೆ ಮುಟ್ಟುವುದಿಲ್ಲ. ಅದಕ್ಕೆ ನಮ್ಮ ಕಡೆ 'ಜ್ವರಕ್ಕೆ ಕೂತವೆ' ಅನ್ನುತ್ತಾರೆ. ಜ್ವರದಿಂದ ಎದ್ದವೆಂದರೆ ಹಸಿವೋ ಹಸಿವು. ಅದರಲ್ಲೂ ನಾಲ್ಕನೇ ಜ್ವರ ಕಳೆದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮನೆಯವರು ಅತ್ತಿತ್ತ ಹೋಗುವ ಹಾಗಿಲ್ಲ. ಹುಳ ಎಲೆ ತಿನ್ನುವ ಸದ್ದಿಗೆ ಜನ ಏನೇನೋ ಚೆಂದದ ಹೋಲಿಕೆ ಕೊಡುತ್ತಾರೆ. ನನಗೆ ಮಾತ್ರ ಅದು ನೆಂಟರು ಒಳಗೆ ಕೂತು ನಮ್ಮ ಬಗ್ಗೆಯೇ ಪಿಸುಗುಟ್ಟುತ್ತಿರುವ ಹಾಗೆ ಕೇಳುತ್ತಿತ್ತು.

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಅಪ್ಪ ಗದ್ದೆಯಲ್ಲಿ ಹಾವು ಕಚ್ಚಿ ಸತ್ತುಹೋದ. ತಂಗಿಗೆ ಆಗ ಹತ್ತು ವರ್ಷ. ಹನ್ನೊಂದನೇ ದಿನ ಹೆಂಗಸರೆಲ್ಲ ಸೇರಿ ಸತ್ತವನ ಹೆಂಡತಿಗೆ ಕೊನೆಯ ಸಲ ಹೂ ಮುಡಿಸಿ, ಅರಿಸಿನ ಹಚ್ಚಿ, ಬಳೆ ತೊಡಿಸಿ, ಆಮೇಲೆ ಒಂದೊಂದನ್ನೇ ತೆಗೆಯುವುದು ನಮ್ಮಲ್ಲಿನ ಪದ್ಧತಿ. ಅಪ್ಪನ ಅಕ್ಕ, ನಮ್ಮ ಅತ್ತೆ, ತಟ್ಟೆ ತುಂಬ ಮಲ್ಲಿಗೆ ಹಿಡಿದು ಬಂದಳು. ಹಿಂದೆ ಹತ್ತು ಹನ್ನೆರಡು ಹೆಂಗಸರು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಹೂವ ಒಳಕ್ಕೆ ತರ್ಬ್ಯಾಡಿ ಅತ್ಗೆ. ಹುಳ ಅವೆ."

"ಏನಮ್ಮಿ ಇದು! ಗಂಡ ಓದ ದುಕ್ಕಕ್ಕಿಂತ ನಿಂಗೆ ಹುಳ ಎಚ್ಚಾ?"

"ದುಕ್ಕ ನಂಗಿರ್ಲಿ. ಹುಳ ಏನ್ ಮಾಡಿದ್ವು?"

ಅವ್ವ ಕೈಯಲ್ಲಿದ್ದ ಗಾಜಿನ ಬಳೆಗಳನ್ನು ತಾನೇ ಬಿಚ್ಚಿದಳು. "ಎಂಗೂ ಸೊಪ್ಪು ಕುಯ್ಯಕ್ಕೆ ಅಡ್ಡ ಬತ್ತಿದ್ವು" ಎಂದು ಕಿಟಕಿಯ ಮೇಲಿಟ್ಟು, ಎಲೆ ಹಾಕಲು ಒಳಗೆ ಹೋದಳು. ಬಂದ ಹೆಂಗಸರು ಬೀದಿಯಲ್ಲಿ ನಿಂತು ಮುಖ ಮುಖ ನೋಡಿಕೊಂಡರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎಂಥ ಕಲ್ಲಪ್ಪ ಇವಳು ಎನ್ನಿಸಿತು.

ಆಮೇಲೆ ಹನ್ನೊಂದು ವರ್ಷ ಅವ್ವ ಯಾವ ಮನೆಯ ಶುಭಕಾರ್ಯಕ್ಕೂ ಕಾಲಿಡಲಿಲ್ಲ. ಚಿಕ್ಕಪ್ಪನ ಮಗಳ ಸೀಮಂತ ಎಂದರೆ, "ಎರಡನೇ ಜ್ವರದಿಂದ ಎದ್ದವೆ, ಬರಕ್ಕಾಗಲ್ಲ." ಸೋದರಮಾವನ ಗೃಹಪ್ರವೇಶ ಎಂದರೆ, "ಹಣ್ಣಾಗ್ತಾವೆ, ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬುಡ್ಬೇಕು." ಮನೆಯಲ್ಲಿ ಹುಳವೇ ಇಲ್ಲದ ದಿನಗಳಲ್ಲಿ, "ಹುಳದ ಮನೆ ತೊಳೀಬೇಕು." ಅವ್ವನಿಗೆ ನಮಗಿಂತ ಹುಳವೇ ಹೆಚ್ಚು ಎಂದು ಊರೆಲ್ಲ ಆಡಿಕೊಂಡಿತು. ನಾನೂ ಆಡಿಕೊಂಡೆ, ಹೆಂಡತಿಯ ಮುಂದೆ, ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರ ಕೂಡ. ಹೊರಗೆ ಬಂದದ್ದು ಒಂದೇ ಒಂದು ಸಲ, ಹನೂರಿನಲ್ಲಿ ನನ್ನ ಮದುವೆಗೆ. ಅಲ್ಲೂ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಆಸಾಮಿ ನಾಪತ್ತೆ. ಹುಳ ನೋಡಬೇಕು ಅಂತ ಮಧ್ಯಾಹ್ನದ ಬಸ್ಸು ಹಿಡಿದು ಒಬ್ಬಳೇ ಹೊರಟುಹೋಗಿದ್ದಳು. ಮಗನ ಮದುವೆಯ ಊಟವನ್ನೂ ಮಾಡದವಳ ಜೊತೆ ನಾನು ಎರಡು ತಿಂಗಳು ಮಾತು ಬಿಟ್ಟೆ.

ಇಷ್ಟಾದ ಮೇಲೆ ತಂಗಿಯ ಮದುವೆ ಬಂತು. ಹುಡುಗ ಯಳಂದೂರಿನವನು, ಅಂಗಡಿ ಇಟ್ಟಿದ್ದ. ಕೊಳ್ಳೇಗಾಲದಲ್ಲಿ ಛತ್ರ ಹಿಡಿದದ್ದು, ಮುಹೂರ್ತ ಇಡಿಸಿದ್ದು ಎಲ್ಲ ನಾನೂ ಚಿಕ್ಕಪ್ಪನೂ. ಅಪ್ಪ ಇಲ್ಲದ್ದರಿಂದ ಚಿಕ್ಕಪ್ಪ, ಚಿಕ್ಕಮ್ಮ ನಿಂತು ಧಾರೆ ಎರೆಯುವುದು ಎಂದೂ ನಾವೇ ಮಾತಾಡಿಕೊಂಡೆವು. ಅವ್ವನನ್ನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ. ದಿನ ಗೊತ್ತಾಗಿದೆ ಎಂದು ಹೇಳಿದಾಗ ಅವ್ವ ಬೆರಳು ಮಡಚಿ ಏನೋ ಎಣಿಸಿದಳು. ಮಾರನೇ ವಾರ ಹೋಗಿ ರೇಷ್ಮೆ ಮೊಟ್ಟೆ ತಂದುಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಮಗಳ ಮದುವೆ ಇಟ್ಕಂಡು ಯಾರಾದ್ರೂ ಹುಳ ಕಟ್ತಾರೇನವ್ವಾ? ಸರಿಯಾಗಿ ಮದುವೆ ದಿನಕ್ಕೆ ನಾಲ್ಕನೇ ಜ್ವರದಿಂದ ಎದ್ದು ಬಾಯಿ ಬಿಟ್ಕಂಡು ಕೂತಿರ್ತವೆ!"

"ಏನ್ ಮಾಡಾದ್ಲಾ, ತ್ವಾಟದಲ್ಲಿ ಸೊಪ್ಪು ಬಲ್ತೋಯ್ತದೆ."

"ಬರಲ್ಲ ಅಂತ ಈಗ್ಲೇ ಹೇಳ್ಬುಡು."

"ಬತ್ತೀನಿ ಕಣ್ಲಾ. ನೀವು ಮುಂದಾಗಿ ಓಗಿ, ನಾ ಮದ್ವೆ ದಿನ ಮೊದ್ಲ ಬಸ್ಸಿಗೆ ಬತ್ತೀನಿ."

ಹುಳ ಇದ್ದದ್ದರಿಂದ ನಮ್ಮ ಮನೆಗೆ ಅರಿಸಿನ ತರುವ ಹಾಗಿಲ್ಲ. ಮದುಮಗಳ ಅರಿಸಿನ ಶಾಸ್ತ್ರ ಚಿಕ್ಕಪ್ಪನ ಮನೆಯಲ್ಲಿ ನಡೆಯಿತು, ಮೂರು ದಿನ ತಂಗಿ ಅಲ್ಲೇ ಉಳಿದಳು. ಛತ್ರಕ್ಕೆ ಹೊರಡುವ ಮುಂಚೆ ಅರಿಸಿನದ ಮೈಯಲ್ಲೇ ಬಂದು ನಮ್ಮ ಮನೆಯೆದುರು ನಿಂತಳು. ಅವ್ವ ಹೊಸ್ತಿಲ ಒಳಗಿನಿಂದಲೇ ನೋಡಿದಳು. "ಹತ್ರ ಬರ್ಬ್ಯಾಡ ಕೂಸು. ಅಲ್ಲೇ ಒಂದು ಸುತ್ತು ತಿರುಗು, ನೋಡ್ತೀನಿ" ಎಂದಳು. ತಂಗಿ ಬೀದಿಯ ನಡುವೆ ಒಂದು ಸುತ್ತು ತಿರುಗಿದಳು. "ಇನ್ನೊಂದ್ಸಲ" ಎಂದಳು ಅವ್ವ. ತಂಗಿ ಮತ್ತೆ ತಿರುಗಿದಳು, ಈ ಸಲ ಅಳುತ್ತಾ. ಅವ್ವ ತಕ್ಷಣ ಒಳಗೆ ಹೋಗಿಬಿಟ್ಟಳು. ಹೊತ್ತಾಯಿತು ಎಂದು ನಾನು ಎಲ್ಲರನ್ನೂ ವ್ಯಾನಿಗೆ ಹತ್ತಿಸಿದೆ.

ಮದುವೆಯ ಬೆಳಿಗ್ಗೆ ಮೊದಲ ಬಸ್ಸು ಬಂತು, ಅವ್ವ ಇಳಿಯಲಿಲ್ಲ. ನಾನು ಛತ್ರಕ್ಕೂ ಬಸ್ ಸ್ಟ್ಯಾಂಡಿಗೂ ಎಷ್ಟು ಸಲ ನಡೆದೆನೋ. ಅಡಿಗೆಯವರು ಕರೆದರೂ ಕಿವಿಗೆ ಬೀಳಲಿಲ್ಲ, ಪುರೋಹಿತರು ಏನೋ ಕೇಳಿದ್ದಕ್ಕೆ ಇನ್ನೇನೋ ಹೇಳಿದೆ. ಎರಡನೇ ಬಸ್ಸಿನಿಂದ ಇಳಿದವರು ನಮ್ಮ ಪಕ್ಕದ ಮನೆಯ ಅಕ್ಕ. ಮುಡಿ ತುಂಬ ಹೂವು, ಮುಖಕ್ಕೆ ಅರಿಸಿನ. ಅವರದೂ ಹುಳ ಸಾಕುವ ಮನೆಯೇ. ನನಗೆ ಆಶ್ಚರ್ಯವಾಯಿತು.

"ನಿಮ್ಮನೇಲೂ ಹುಳ ಅವಲ್ಲಕ್ಕ, ಹೂ ಮುಡ್ಕಂಡು ಹೆಂಗೆ ಬಂದ್ರಿ?"

"ಜ್ವರಕ್ಕೆ ಕೂತವಲ್ಲಪ್ಪ! ಈ ಸಲ ಥಂಡಿ ನೋಡು, ಎರಡು ದಿನ ಹಿಂದಕ್ಕೆ ಬಿದ್ವು. ನಿಮ್ಮವ್ವನೂ ನಾನೂ ಒಂದೇ ದಿನ ಮೊಟ್ಟೆ ತಂದದ್ದು. ನಿಮ್ಮವೂ ನೆನ್ನೆ ಸಾಯಂಕಾಲನೇ ಕೂತ್ಕಂಡ್ವು, ನಾನೇ ಕಣ್ಣಾರ ನೋಡಿದೀನಿ. ನಾಳೆ ಗಂಟ ಒಂದೆಲೆ ಕೇಳಲ್ಲ, ಹುಳದ ಹತ್ರ ಓಗ ಕೆಲ್ಸನೇ ಇಲ್ಲ. ನಾವು ಊಟ ಮುಗಿಸ್ಕಂಡು ನಿದಾನಕ್ಕೆ ಓಯ್ತೀವಿ." ಸುತ್ತ ನೋಡಿ ಕೇಳಿದರು. "ಎಲ್ಲಿ, ನಿಮ್ಮವ್ವ ಕಾಣಲ್ವಲ್ಲ?"

ನಾನು ತಂಗಿಯ ಕೋಣೆಗೆ ಹೋದೆ. ಜಡೆ ಹಾಕಿಸಿಕೊಳ್ಳುತ್ತಿದ್ದವಳು ನನ್ನ ಮುಖ ನೋಡಿದ್ದೇ ಎದ್ದು ನಿಂತಳು. ಹುಳ ಜ್ವರಕ್ಕೆ ಕೂತಿರುವ ಸುದ್ದಿ ಹೇಳಿದೆ.

"ಹಂಗಾದ್ರೆ ಅವ್ವ ಬೇಕಂತಲೇ ಬಂದಿಲ್ಲ. ಅವ್ವ ಬರೋಗಂಟ ನಾ ಮಣೆ ಮೇಲೆ ಕೂರಲ್ಲ ಕಣಣ್ಣ. ಮೂರ್ತ ಓದ್ರೆ ಓಗ್ಲಿ."

"ಹುಚ್ಚುಚ್ಚಾಗಿ ಆಡ್ಬೇಡ, ಗಂಡಿನ ಕಡೆಯವ್ರು..."

"ಗಂಡಿನ ಕಡೆಯವ್ರ ಹತ್ರ ನಾನೇ ಓಗಿ ಹೇಳ್ಲಾ?"

ಹೇಳಿಯೇ ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಮುಹೂರ್ತಕ್ಕೆ ಒಂದೂವರೆ ಗಂಟೆ ಇತ್ತು. ಯಾರದೋ ಮೊಪೆಡ್ ಈಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಬೈದುಕೊಂಡೇ ಹೋದೆ, ಮೊದಮೊದಲು ಅವ್ವನನ್ನು. ಆಮೇಲೆ ಒಂದು ನೆನಪು ಬಂದು ಬಾಯಿ ಕಟ್ಟಿತು. ಅಪ್ಪ ಇದ್ದಾಗ ಅವ್ವ ಮದುವೆಗಳಿಗೆ ಹೋಗುತ್ತಿದ್ದಳು. ಇದೇ ಪಕ್ಕದ ಮನೆಯ ಅಕ್ಕನಿಗೆ ಹುಳ ನೋಡಿಕೊಳ್ಳಲು ಹೇಳಿ, ನನ್ನನ್ನು ಕೈಹಿಡಿದು ಎಳೆದುಕೊಂಡು, ಹೋಗಿ ಎರಡೆರಡು ದಿನ ಇದ್ದು ಬರುತ್ತಿದ್ದಳು. ಆಗಲೂ ಹುಳ ಇರುತ್ತಿದ್ದವು. ಅವಕ್ಕೆ ಆಗಲೂ ಹಸಿವಾಗುತ್ತಿತ್ತು.

ಮನೆಯ ಬಾಗಿಲು ತೆರೆದಿತ್ತು. ಅವ್ವ ಕೂತಿದ್ದಳು.

ಹುಳದ ತಟ್ಟೆಗಳ ಮುಂದೆ, ನೆಲದ ಮೇಲೆ, ಮದುವೆಗೆಂದು ನಾನು ತಂದುಕೊಟ್ಟಿದ್ದ ಸೀರೆ ಉಟ್ಟು, ತಲೆ ಬಾಚಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಟ್ಟೆಗಳಲ್ಲಿ ಹುಳಗಳು ತಲೆ ಎತ್ತಿ ನಿಶ್ಚಲವಾಗಿದ್ದವು. ಮನೆಯಲ್ಲಿ ಒಂದು ಸದ್ದಿಲ್ಲ. ಕೆಲಸವಿಲ್ಲದ ಅವಳ ಕೈಗಳನ್ನು ನಾನು ನೋಡಿದ್ದು ಅದೇ ಮೊದಲು, ಮತ್ತು ನನಗೆ ಭಯವಾಯಿತು. ಹೊಸ್ತಿಲು ದಾಟಲು ಕಾಲೆತ್ತಿದೆ.

"ಅಲ್ಲೇ ನಿಲ್ಲು. ಗಂಧ ಹಚ್ಕಂಡಿದೀಯ" ಎಂದಳು. "ಯಾಕ್ಲಾ ಬಂದೆ ಮೂರ್ತ ಬುಟ್ಟು?"

"ಹುಳ ಎಷ್ಟು ಎಲೆ ತಿಂತಾವೆ ಅಂತ ನೋಡೋಕೆ ಬಂದೆ."

ಅವ್ವ ತಟ್ಟೆಗಳನ್ನು ನೋಡಿದಳು, ನನ್ನನ್ನು ನೋಡಿದಳು. ಸಿಕ್ಕಿಬಿದ್ದ ಮಕ್ಕಳ ಹಾಗೆ ನಕ್ಕಳು. "ಎಣಿಸಿದ್ದು ತಪ್ಪೋಯ್ತು ಕಣ್ಲಾ. ಈ ಹಾಳು ಥಂಡಿ."

"ಯಾಕವ್ವ ಹಿಂಗೆ ಮಾಡ್ದೆ?"

"ನಾ ಅಲ್ಲಿಗೆ ಬಂದ್ರೆ ಯಾರಾದ್ರೂ ಒಬ್ರು 'ಆ ಕಡೆ ನಿಂತ್ಕೊ' ಅಂತಾರೆ ಮಗ. ನಂಗೇನಿಲ್ಲ, ಕೇಳಿ ಕೇಳಿ ಅಬ್ಯಾಸ ಆಗದೆ. ಆ ಕೂಸು ಕೇಳ್ತದಲ್ಲ! ಅವಳು ನಿನ್ನಂಗಲ್ಲ, ಸುಮ್ನಿರಲ್ಲ. ಮಣೆ ಮೇಲಿಂದ ಎದ್ದು ಜಗಳಕ್ಕೆ ನಿಂತ್ಕಂಡ್ರೆ? ಓದ ಮನೇಲಿ ಬಾಳ್ಬೇಕಾದೋಳು. ನಾ ಬರ್ದೆ ಓದ್ರೆ ಜನ ಹುಳಕ್ಕೆ ಬಯ್ತಾರೆ. ಬಯ್ಲಿ ಬುಡು, ಹುಳಕ್ಕೆ ಕಿವಿ ಇಲ್ಲ."

ಅವಳು ನಿನ್ನಂಗಲ್ಲ, ಸುಮ್ನಿರಲ್ಲ. ಅವ್ವ ಇದನ್ನು ಚುಚ್ಚಲೆಂದು ಹೇಳಲಿಲ್ಲ. ತಂಗಿಯ ಗುಣ, ನನ್ನ ಗುಣ ಹೇಳಿದಳು ಅಷ್ಟೆ.

ನನ್ನ ಮದುವೆಯ ಬಗ್ಗೆ ಮೇಲೆ ಬರೆದಾಗ ನಾನು ಒಂದನ್ನು ಬಿಟ್ಟಿದ್ದೆ. ನಮ್ಮಲ್ಲಿ ಧಾರೆಯ ಹೊತ್ತಿಗೆ ಗಂಡು ಹೆಣ್ಣಿನ ಜೋಡಿಸಿದ ಕೈಗಳ ಮೇಲೆ ದೊಡ್ಡವರು ಹಾಲೆರೆದ ಮೇಲೆ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಒಂದೊಂದು ಧಾರೆ ಹಾಲೆರೆಯುತ್ತಾರೆ. ನನ್ನ ಮದುವೆಯಲ್ಲಿ ಅವ್ವನೂ ಆ ಸಾಲಿನಲ್ಲಿ ಬಂದಿದ್ದಳು. ನನ್ನ ಹತ್ತಿರ ಬಂದು ಚೊಂಬಿಗೆ ಕೈ ಚಾಚಿದಾಗ ಅಪ್ಪನ ಅಕ್ಕ, ಅದೇ ಅತ್ತೆ, ಅವಳ ರಟ್ಟೆ ಹಿಡಿದು, "ಮುತ್ತೈದೇರು ಎರೀಲಿ, ನೀ ಆ ಕಡೆ ನಿಂತ್ಕೊ" ಎಂದು ಪಕ್ಕಕ್ಕೆ ಸರಿಸಿದಳು. ಮಣೆಯ ಮೇಲಿದ್ದ ನನ್ನಿಂದ ಒಂದು ಮೊಳ ದೂರದಲ್ಲಿ ನಡೆದದ್ದು. ನಾನು ಕಂಡೆ, ಕೇಳಿದೆ, ಸುಮ್ಮನಿದ್ದೆ. ಆ ಮಧ್ಯಾಹ್ನದ ಬಸ್ಸಿಗೂ ಹುಳಕ್ಕೂ ಏನೇನೂ ಸಂಬಂಧ ಇರಲಿಲ್ಲ.

ಅಪ್ಪ ಸತ್ತ ಹನ್ನೊಂದನೇ ದಿನವೂ ಆಗ ಅರ್ಥವಾಯಿತು. ಮುಡಿಸಿದರೆ ತಾನೆ ಕಿತ್ತು ತೆಗೆಯುವುದು? ಹೂವನ್ನು ಮನೆಯೊಳಕ್ಕೇ ಬಿಡದೆ, ಬಳೆಯನ್ನು ತಾನೇ ಬಿಚ್ಚಿಟ್ಟು, ಇನ್ನೊಬ್ಬರ ಕೈ ತನ್ನ ಮೇಲೆ ಬೀಳದ ಹಾಗೆ ಅವಳು ನೋಡಿಕೊಂಡಿದ್ದಳು. ಆವತ್ತಿನಿಂದ ಊರಿನ ಕಣ್ಣಿಗೆ ಅವಳು ಹೂ ಮುಡಿಯದಿದ್ದದ್ದು, ಅರಿಸಿನ ಹಚ್ಚದಿದ್ದದ್ದು ಹುಳದ ದೆಸೆಯಿಂದ. ಹುಳ ಅವಳ ಮಾನ ಕಾದಿದ್ದವು. ಮಗನಾದ ನಾನು ಬಸ್ಸಿನಲ್ಲಿ ಸಿಕ್ಕಸಿಕ್ಕವರ ಮುಂದೆ ಅವಳನ್ನು ಆಡಿಕೊಂಡು ನಗುತ್ತಿದ್ದೆ. ಹೊಸ್ತಿಲಾಚೆ ನಿಂತು ಅತ್ತುಬಿಟ್ಟೆ.

"ಈಗೇನ್ಲಾ ನಿಂದು? ಅಲ್ಲಿ ಮದ್ವೆ, ಇಲ್ಲಿ ಅಳು!"

"ನೀನು ಬರೋಗಂಟ ಅವಳು ಮಣೆ ಮೇಲೆ ಕೂರಲ್ಲವಂತೆ."

ಅವ್ವ ಸಟ್ಟನೆ ಎದ್ದಳು. "ಅಯ್ಯೋ ಮೂದೇವಿ, ಮೊದ್ಲು ಅದ್ನ ಯೋಳಾದಲ್ವಾ! ಇಷ್ಟೊತ್ತು ನನ್ ಕತೆ ಕೇಳ್ಕಂಡು ನಿಂತಿದೀಯ!" ಎನ್ನುತ್ತಾ ಚಿಲಕ ಹಾಕಿ ನನಗಿಂತ ಮುಂಚೆ ಮೊಪೆಡ್ ಹತ್ತಿರ ಓಡಿದಳು. ಹುಟ್ಟಿದಾಗಿನಿಂದ ಮೊಪೆಡ್ ಹತ್ತಿದವಳಲ್ಲ. ಹಿಂದೆ ಕೂತು ನನ್ನ ಅಂಗಿಯ ಕಾಲರನ್ನೇ ಹಿಡಿದುಕೊಂಡಳು, ಕೊಳ್ಳೇಗಾಲ ಮುಟ್ಟುವವರೆಗೆ ಬಿಡಲಿಲ್ಲ. ಎತ್ತಿನ ಗಾಡಿ ಅಡ್ಡ ಬಂದರೆ ಗಾಡಿಯವನಿಗೂ ನನಗೂ ಸೇರಿಸಿ ಬೈದಳು.

ಅವಳನ್ನು ಕಂಡ ಮೇಲೆ ತಂಗಿ ಮಣೆ ಮೇಲೆ ಕೂತಳು. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ವಾಲಗ ಜೋರಾಯಿತು, ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದರು, ನೆಂಟರ ಸಾಲು ಶುರುವಾಯಿತು. ಹಾಲಿನ ಪಾತ್ರೆಯ ಪಕ್ಕ ಚೊಂಬು ತುಂಬಿಸಿ ಕೊಡುತ್ತಾ ನಿಂತಿದ್ದವಳು ಅದೇ ಅತ್ತೆ. ಅವ್ವ ಸಾಲಿನಲ್ಲಿ ಬಂದಳು. ಈ ಸಲ ನಾನು ಪಕ್ಕದಲ್ಲೇ ನಿಂತಿದ್ದೆ, ಏನು ಹೇಳಬೇಕು ಎಂದು ಬಾಯಲ್ಲಿ ಜೋಡಿಸಿಕೊಂಡೇ ನಿಂತಿದ್ದೆ. ಚೊಂಬು ಹಿಡಿದಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

"ಏ ಅಮ್ಮಿ, ನೀನು ಆ ಕಡೆ..."

ಮಣೆಯ ಮೇಲೆ ತಂಗಿಯ ತಲೆ ಮೇಲೆದ್ದಿತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಮೆತ್ತಗೆ, ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದಳು.

"ಹುಳ ಜ್ವರಕ್ಕೆ ಕೂತವೆ ಅತ್ಗೆ. ಇವತ್ತು ನಂಗೆ ಬ್ಯಾರೆ ಕೆಲ್ಸ ಇಲ್ಲ. ಕೊಡಿ ಇಲ್ಲಿ."

ಚೊಂಬನ್ನು ಅತ್ತೆಯ ಕೈಯಿಂದ ತೆಗೆದುಕೊಂಡು, ಮಗಳ ಕೈ, ಅಳಿಯನ ಕೈ ಎರಡೂ ತೊಯ್ಯುವ ಹಾಗೆ, ಒಂದು ಹನಿಯೂ ಉಳಿಸದೆ ನಿಧಾನವಾಗಿ ಎರೆದಳು. ಅತ್ತೆ ಖಾಲಿ ಚೊಂಬು ಈಸಿಕೊಂಡು ಮುಂದಿನವರಿಗೆ ತುಂಬಿಸಿದಳು. ತಂಗಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ನನ್ನ ಮಾತು ಬಾಯಲ್ಲೇ ಉಳಿಯಿತು. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಹೇಳುತ್ತಿದ್ದೆ ಎಂದು ಅಂದುಕೊಳ್ಳುತ್ತೇನೆ. ಹೇಳುತ್ತಿದ್ದೆನೋ ಇಲ್ಲವೋ, ಹತ್ತು ವರ್ಷವಾದರೂ ಗೊತ್ತಾಗಿಲ್ಲ. ಅವ್ವ ಎರೆದ ಹಾಲು ತಂಗಿಯ ಕೈ ಮೇಲೆ ಬಿತ್ತು, ನನ್ನ ಕೈ ಮೇಲೆ ಬೀಳಲಿಲ್ಲ. ಅದನ್ನು ತಪ್ಪಿಸಿದ್ದು ಅತ್ತೆಯಲ್ಲ. ನನ್ನ ಮದುವೆಯ ದಿನ ಆ ಕಡೆ ಸರಿಯುವ ಮುಂಚೆ ಅವ್ವ ಒಂದು ಸಲ ನನ್ನ ಮುಖ ನೋಡಿದ್ದಳು.